ಗುಳ್ಳಿ ಎದ್ದ ಮ್ಯಾಲ ಬರ್ರಿ

ನನ್ನ ಎಡಗಡೆಯ ಕಿಡ್ನಿ ನಾಲ್ಕು ವರ್ಷ ಕಮಲಾಪುರದಲ್ಲಿತ್ತು. ಉಳಿದ ನಾನು ಕಲಬುರಗಿಯಲ್ಲಿದ್ದೆ. ಬೆಳಿಗ್ಗೆ ತಂಗಿ ಫೋನು ಮಾಡಿದರೆ ಮೊದಲ ಮಾತೇ ಅದು: "ಅಕ್ಕಾ, ನಿಂದು ಛಲೋ ಅದ. ರಾತ್ರಿ ಎರಡು ಸಲ ಎಬ್ಬಿಸ್ತು ನೋಡು." ಮೂತ್ರಕ್ಕೆ ಎದ್ದದ್ದನ್ನು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ಮೂತ್ರವೇ ನಿಂತು ಡಯಾಲಿಸಿಸ್ ಮಷೀನಿನ ಪಕ್ಕದಲ್ಲಿ ಕಾಲ ಕಳೆದವರಿಗೆ ಮಾತ್ರ ಆ ಹೆಮ್ಮೆ ಅರ್ಥವಾಗುತ್ತದೆ.

ನಾವು ಇಬ್ಬರೇ ಅಕ್ಕತಂಗಿಯರು. ನಾನು ಮದುವೆಯಾಗಲಿಲ್ಲ. ಶರಣಬಸವೇಶ್ವರ ದೇವಸ್ಥಾನದ ಕಡೆಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ತಂಗಿಯ ಗಂಡ ಕಮಲಾಪುರದ ಕರೆಂಟ್ ಆಫೀಸಿನಲ್ಲಿದ್ದಾನೆ, ಮಾತು ಕಡಿಮೆ. ಅವಳ ಎರಡೂ ಕಿಡ್ನಿ ಕೈಕೊಟ್ಟಾಗ ಎರಡು ವರ್ಷ ಅವನು ಅವಳನ್ನು ಬಸ್ಸಿನಲ್ಲಿ ಕಲಬುರಗಿಗೆ ಕರೆತಂದು ಕರೆದೊಯ್ದ. ಅವ್ವ ಆಗ ಇನ್ನೂ ಬದುಕಿದ್ದಳು, ತನ್ನದು ಕೊಡುತ್ತೇನೆ ಎಂದು ಹಟ ಹಿಡಿದಳು. ಆದರೆ ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಉಳಿದವಳು ನಾನು. ಕೊಟ್ಟೆ. ಅದರಲ್ಲಿ ದೊಡ್ಡತನ ಏನೂ ಇರಲಿಲ್ಲ. ಇದ್ದದ್ದು ಒಬ್ಬಳೇ ತಂಗಿ.

ಹೈದರಾಬಾದಿನಲ್ಲಿ ಕಸಿ ಆಯಿತು. ಅಲ್ಲಿಂದ ಮುಂದೆ ಅವಳ ಬದುಕು ಮಾತ್ರೆಗಳ ಮೇಲೆ ನಿಂತಿತು. ಹೊರಗಿನಿಂದ ಬಂದದ್ದನ್ನು ಮೈ ಒಪ್ಪುವುದಿಲ್ಲ, ಹೊಡೆದು ಹಾಕುತ್ತದೆ. ಹಾಗೆ ಮಾಡದಂತೆ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿ ಇಡುವ ಮಾತ್ರೆಗಳು ಅವು. ನನ್ನ ಕಿಡ್ನಿಗೆ ರಕ್ಷಣೆ ಸಿಕ್ಕಿತು, ಅವಳಿಗೆ ಇದ್ದ ರಕ್ಷಣೆ ಹೋಯಿತು. ಕುದಿಸಿದ ನೀರು, ಹೊರಗೆ ಹೋದರೆ ಮಾಸ್ಕು, ಮದುವೆ ಮುಂಜಿವೆಗಳಿಗೆ ಇಲ್ಲ ಎನ್ನುವುದು. ಕೊರೊನಾ ಹೋದ ಮೇಲೂ ಅವಳು ಮಾಸ್ಕು ಬಿಡಲಿಲ್ಲ. ಓಣಿಯವರು ನಗುತ್ತಿದ್ದರು. "ನಿಮ್ಮ ಮನಿ ಬಿಟ್ಟು ಇನ್ನೂ ಹೋಗಿಲ್ಲೇನ್ರಿ ಕೊರೊನಾ?" ಎಂದು ಒಬ್ಬಳು ಕೇಳಿದ್ದಳಂತೆ.

ನಗದೆ ಇದ್ದವರು ಒಬ್ಬರೇ, ಬಾಜೂ ಮನೆಯ ಹೆಂಗಸು. ತಂಗಿಗಿಂತ ವಯಸ್ಸಿನಲ್ಲಿ ದೊಡ್ಡವರು. ತಂಗಿ ಆಸ್ಪತ್ರೆಯಲ್ಲಿದ್ದಾಗ ಅವಳ ಗಂಡನಿಗೆ ರೊಟ್ಟಿ ಪಲ್ಯ ಕಳಿಸಿದವರು ಅವರು. ಅವರ ಮಗಳ ಮಗು, ನಾಲ್ಕೈದು ವರ್ಷದ ಹುಡುಗಿ, ಅಜ್ಜಿಯ ಮನೆಗೆ ಬಂದರೆ ಅರ್ಧ ದಿನ ತಂಗಿಯ ಮನೆಯಲ್ಲೇ ಇರುತ್ತಿತ್ತು. ತಂಗಿಗೆ ಮಕ್ಕಳಿರಲಿಲ್ಲ.

ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಏರುತ್ತಿದ್ದ ದಿನಗಳವು. ಒಂದು ಬೆಳಿಗ್ಗೆ ಫೋನಿನಲ್ಲಿ ಬೇರೆ ಮಾತೆಲ್ಲ ಮುಗಿದ ಮೇಲೆ ತಂಗಿ ಹೇಳಿದಳು:

"ಬಾಜೂ ಮನಿ ಕೂಸಿಗೆ ತಾಯಿ ಬಂದಾಳ ಅಕ್ಕಾ. ನಿನ್ನೆ ಉಡಿ ತುಂಬಾಕ ಕರ್ದಿದ್ರು, ಹೋಗಿ ಬಂದ್ನಿ. ಪಾಪ, ಮೈತುಂಬ ಗುಳ್ಳಿ. ನನ್ನ ತೊಡಿ ಮ್ಯಾಲೇ ಮಲಗಿತ್ತು."

ತಾಯಿ ಬಂದಾಳ ಎಂದರೆ ನಮ್ಮ ಕಡೆ ಸೀತಾಳೆ ಸಿಡುಬು, ಡಾಕ್ಟರ ಬಾಯಲ್ಲಿ ಚಿಕನ್ ಪಾಕ್ಸ್. ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಮಗುವನ್ನು ದೇವಿಯೆಂದೇ ನೋಡುತ್ತಾರೆ, ಮುತ್ತೈದೆಯರನ್ನು ಕರೆದು ಉಡಿ ತುಂಬಿಸುತ್ತಾರೆ. ಕರೆದಾಗ ಹೋಗದಿರುವುದು ದೇವಿಗೆ ಮಾಡುವ ಅವಮಾನ.

"ಮಾಸ್ಕ್ ಹಾಕ್ಕೊಂಡಿದ್ದೇನು?" ಎಂದೆ.

"ದೇವ್ರ ಮುಂದ ಮಾಸ್ಕ್ ಹಾಕ್ಕೊಂಡು ಕೂಡ್ತಾರೇನಕ್ಕಾ?"

"ನಿನಗ ಸಣ್ಣಾಕಿದ್ದಾಗ ಬಂದಿತ್ತೇನು ಇದು?"

"ನಿನಗ ಬಂದಿತ್ತು. ಅವ್ವ ನನ್ನನ್ನ ಸೇಡಂಕ ಮಾಮಾನ ಮನಿಗೆ ಕಳಿಸಿದ್ಲಲ್ಲ."

ನೆನಪಾಯಿತು. ನಾನು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ತಂಗಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳಿಗೂ ಅಂಟಬಾರದೆಂದು ಅವ್ವ ಅಳುತ್ತಲೇ ಅವಳನ್ನು ಮಾಮಾನ ಜೊತೆ ಬಸ್ಸು ಹತ್ತಿಸಿದ್ದಳು. ಒಮ್ಮೆ ಬಂದು ಹೋದರೆ ಮೈ ಅದನ್ನು ಗುರುತಿಟ್ಟುಕೊಳ್ಳುತ್ತದೆ, ಮತ್ತೆ ಹತ್ತಿರ ಬಿಡುವುದಿಲ್ಲ. ಅವ್ವನ ಮುತುವರ್ಜಿಯಿಂದ ತಂಗಿಯ ಮೈಗೆ ಆ ಗುರುತೇ ಸಿಕ್ಕಿರಲಿಲ್ಲ.

ಹೈದರಾಬಾದಿನ ಡಾಕ್ಟರಿಗೆ ಫೋನು ಹಚ್ಚಿದೆ. ಸಿಡುಬಿನವರ ಹತ್ತಿರ ಹೋದರೆ ಕೂಡಲೇ ತಿಳಿಸಬೇಕು ಎಂದು ಕಸಿಯ ನಂತರ ಅವರೇ ಹೇಳಿದ್ದರು. ಅವರು ಹಿಂದಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ಕೂತಿದ್ದಳು, ಎಷ್ಟು ಹತ್ತಿರ, ಚಿಕ್ಕಂದಿನಲ್ಲಿ ಬಂದಿತ್ತೇ, ಕಸಿಗೆ ಮೊದಲು ಲಸಿಕೆ ಹಾಕಿಸಿದ್ದಿರಾ. ಯಾವ ಲಸಿಕೆ ಎಂದು ನಾನು ಕೇಳಿದೆ. ಚಿಕನ್ ಪಾಕ್ಸಿಗೆ ಲಸಿಕೆ ಇದೆ, ಕಸಿ ಆಗುವ ಮೊದಲೇ ಕೊಡಬೇಕು, ಆದ ಮೇಲೆ ಕೊಡಲಾಗದು, ಅದರಲ್ಲಿ ಜೀವಂತ ವೈರಸ್ಸೇ ಇರುತ್ತದೆ ಎಂದರು. ನೀವು ಯಾಕೆ ಕೊಡಲಿಲ್ಲ ಎಂದೆ. ಡಯಾಲಿಸಿಸ್ ನಡೆಯುತ್ತಿದ್ದ ಊರಿನಲ್ಲೇ ಅದು ಆಗಿರಬೇಕಿತ್ತು ಎಂದರು.

ಆಮೇಲೆ ಮಾಡಬೇಕಾದದ್ದನ್ನು ಹೇಳಿದರು. ಸಿಡುಬಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಬೇರೆಯವರ ರಕ್ತದಿಂದ ತೆಗೆದು ಮಾಡಿದ ಒಂದು ಇಂಜೆಕ್ಷನ್ ಇದೆ. ಸೋಂಕು ತಗುಲಿದ ಮೊದಲ ಕೆಲವೇ ದಿನಗಳಲ್ಲಿ ಕೊಟ್ಟರೆ ರೋಗ ಏಳದಂತೆ ತಡೆಯಬಹುದು, ಎದ್ದರೂ ಸಣ್ಣದಾಗಿ ಹೋಗುತ್ತದೆ. ಅದು ಸಿಗದಿದ್ದರೆ ಸಾಮಾನ್ಯ ಇಮ್ಯುನೋಗ್ಲೋಬುಲಿನ್ ಬಾಟಲಿಯನ್ನು ಡ್ರಿಪ್ಪಿನಲ್ಲಿ ಕೊಡಬಹುದು. ಎರಡೂ ಇಲ್ಲದಿದ್ದರೆ ಮಾತ್ರೆ, ಆದರೆ ಅದನ್ನು ಪೂರ್ತಿ ನಂಬಬೇಡಿ ಎಂದರು. ಅವಳನ್ನು ನಿಮ್ಮಲ್ಲಿಗೇ ಕರೆತರಲೇ ಎಂದು ಕೇಳಿದೆ. ಇಂಜೆಕ್ಷನ್ ತಮ್ಮಲ್ಲೂ ಇಲ್ಲ, ಮುಂಬೈಯಿಂದ ತರಿಸಬೇಕು. ಅಲ್ಲದೆ ತಮ್ಮ ವಾರ್ಡಿನಲ್ಲಿ ಎಲ್ಲರೂ ಅವಳಂಥವರೇ, ಸಿಡುಬು ಹೊತ್ತಿರಬಹುದಾದವಳನ್ನು ಅವರ ನಡುವೆ ಹೇಗೆ ಕೂಡಿಸಲಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಅವತ್ತು ರಜೆ ಹಾಕಿ ಸೇಡಂ ರಸ್ತೆಯ ಔಷಧಿ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆ. ಹೆಸರು ಹೇಳಿದರೆ ಹೆಚ್ಚಿನವರು ಅದನ್ನು ಕೇಳಿಯೇ ಇರಲಿಲ್ಲ. ಒಬ್ಬ ಫ್ರಿಜ್ಜು ತೆಗೆದು, "ನಾಯಿ ಕಚ್ಚಿದ್ದಕ್ಕ ಹಾಕೋದು ಅದರೀ ಮೇಡಂ, ನಡೀತದೇನು?" ಎಂದ. ಇನ್ನೊಬ್ಬ ಉತ್ಸಾಹದಿಂದ ಚಿಕ್ಕ ಪೊಟ್ಟಣ ತಂದು ಮುಂದಿಟ್ಟ.

"ಚಿಕನ್ ಪಾಕ್ಸಿಂದೇ ಅಲ್ಲೇನ್ರಿ? ಇದೇ ನೋಡ್ರಿ. ಮಕ್ಕಳಿಗೂ ಇದೇ, ದೊಡ್ಡವರಿಗೂ ಇದೇ."

ಅದು ಲಸಿಕೆ. ತಂಗಿಗೆ ಈಗ ಕೊಡಬಾರದೆಂದು ಡಾಕ್ಟರು ಹೇಳಿದ್ದು ಅದನ್ನೇ. ನಾಲ್ಕು ವರ್ಷದ ಹಿಂದೆ ಕೊಡಬೇಕಾಗಿದ್ದುದೂ ಅದೇ. ಅವಳು ಮಷೀನಿನ ಮೇಲೆ ಮಲಗುತ್ತಿದ್ದಾಗ, ಊಟದ ಡಬ್ಬಿ ಹಿಡಿದು ನಾನು ಈ ಅಂಗಡಿಗಳ ಮುಂದೆಯೇ ಹಾದು ಹೋಗುತ್ತಿದ್ದೆ. ಅದು ಆಗಲೂ ಇಲ್ಲಿಯ ಫ್ರಿಜ್ಜಿನಲ್ಲಿ ಇದ್ದಿರಬೇಕು.

ಸಂಜೆ ನಮ್ಮ ಕಲಬುರಗಿ ಊರಿನ ಡಾಕ್ಟರ ಬಳಿ ಹೋದೆ. ಅವಳ ಡಯಾಲಿಸಿಸ್ ನೋಡಿಕೊಂಡವರು ಅವರೇ, ಕಸಿಯಾದ ಮೇಲೆ ರಕ್ತ ಪರೀಕ್ಷೆ ನೋಡುತ್ತಿದ್ದವರೂ ಅವರೇ. ಖಾಸಗಿ ಆಸ್ಪತ್ರೆ. ಹೊರಗೆ ಬೆಂಚಿನ ತುಂಬ ಜನ. ಒಳಗೆ ಹೋದವಳೇ ಕೇಳಿಬಿಟ್ಟೆ, "ಲಸಿಕಿ ಯಾಕ ಹಾಕ್ಸಲಿಲ್ಲರೀ ಸರ್, ಎರಡು ವರ್ಷ ನಿಮ್ಮ ಕಡೇನೇ ಇದ್ಲಲ್ಲ?"

ಅವರು ಸಿಟ್ಟಾಗಲಿಲ್ಲ. "ಅದು ಕಸಿ ಮಾಡೋರ ಕೆಲಸರೀ ಮೇಡಂ. ಅವರು ಬರ್ದಿದ್ರ ನಾವು ಹಾಕ್ತಿದ್ವಿ" ಎಂದರು.

ಡ್ರಿಪ್ಪಿನ ವಿಷಯ ತೆಗೆದೆ. ಆ ಬಾಟಲಿ ಅವರ ಆಸ್ಪತ್ರೆಯಲ್ಲಿತ್ತು. ಇದೆ ಎಂದು ಅವರೇ ಒಪ್ಪಿಕೊಂಡರು.

"ಆದ್ರ ಅದು ಐಸಿಯುದಾಗ ಇರೋರಿಗೆ ಅಂತ ಇಟ್ಟಿದ್ದು. ಮತ್ತ ಇವರಿಗೆ ಯಾವ ರೋಗಕ್ಕ ಕೊಟ್ಟೆ ಅಂತ ಬರೀಲಿ? ರೋಗ ಇಲ್ಲದ ಅಡ್ಮಿಟ್ ಮಾಡ್ಕೊಂಡ್ರ ವಿಮಾದವರು ಒಪ್ಪಂಗಿಲ್ಲ."

"ವಿಮಾ ಬ್ಯಾಡ ಬಿಡ್ರಿ. ನಾವ ಕೊಡ್ತೀವಿ."

"ರೊಕ್ಕದ ಮಾತಲ್ಲರೀ. ಏನೂ ಆಗ್ಲಾರದವರಿಗೆ ಇದನ್ನ ಏರಿಸಿ, ನಾಳೆ ಖರೇನೇ ಬೇಕಾದವರು ಬಂದ್ರ ನಾ ಏನು ಮಾಡ್ಲಿ?"

"ಆಕಿಗೂ ಖರೇನೇ ಬೇಕಾಗ್ಯಾದ, ಸರ್."

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಹೇಳಿದರು, "ಎಲ್ಲಾರಿಗೂ ಬರ್ತದಂತ ಏನಿಲ್ಲ. ನೀವು ಭಾಳ ಗಾಬರಿಯಾಗೀರಿ. ಗುಳ್ಳಿ ಎದ್ದ ಮ್ಯಾಲ ಬರ್ರಿ. ಆವಾಗ ಎಲ್ಲಾ ಮಾಡೋಣು."

ಒಂದೇ ಒಂದು ಉಪಕಾರ ಮಾಡಿದರು. ಮುಂಬೈಯಿಂದ ಇಂಜೆಕ್ಷನ್ ತರಿಸಲು ಆಸ್ಪತ್ರೆಯ ಹೆಸರಿನಲ್ಲಿ ಆರ್ಡರ್ ಕಳಿಸಿದರು. ತಂಗಿಯ ಗಂಡ ತಾನೇ ರೈಲು ಹತ್ತಿ ಹೋಗಿ ತರುತ್ತೇನೆ ಎಂದು ಹೊರಟಿದ್ದ. ಮುಂಬೈಯವರು ಒಪ್ಪಲಿಲ್ಲ. ಆಸ್ಪತ್ರೆಯ ವಿಳಾಸಕ್ಕೆ ಬಿಟ್ಟರೆ ಯಾರ ಕೈಗೂ ಕೊಡುವುದಿಲ್ಲ, ಕೊರಿಯರಿನಲ್ಲೇ ಬರುತ್ತದೆ ಎಂದರು. ಐಸಿನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದೇವೆ ಎಂದು ಮರುದಿನ ಮೆಸೇಜು ಬಂತು.

ಪೆಟ್ಟಿಗೆ ಕಲಬುರಗಿ ಮುಟ್ಟಿತು. ಮುಟ್ಟಿದ ಹೊತ್ತಿಗೆ ಯುಗಾದಿ, ಅದರ ಹಿಂದೆಯೇ ಭಾನುವಾರ. ಕೊರಿಯರಿನವರ ಶೆಟರು ಇಳಿದಿತ್ತು. ತಂಗಿಯ ಗಂಡ ಹಬ್ಬದ ದಿನ ಬೆಳಿಗ್ಗೆಯೇ ಕಮಲಾಪುರದಿಂದ ಬಂದು ಆ ಶೆಟರಿನ ಮುಂದೆ ಕೂತ. ಬೋರ್ಡಿನ ಮೇಲಿದ್ದ ನಂಬರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ನಾನು ಊಟಕ್ಕೆ ಕರೆಯಲು ಹೋದೆ. ಬಿಸಿಲು ನೆತ್ತಿಯ ಮೇಲಿತ್ತು. ಅವನು ಶೆಟರಿಗೆ ಅಂಗೈ ಒತ್ತಿ ನೋಡುತ್ತಿದ್ದ.

"ಎಷ್ಟು ಕಾದದ ನೋಡ್ರಿ ಅಕ್ಕಾರ," ಎಂದ. "ಒಳಗಿಂದು ಏನಾಗಿರಬೇಕು."

ಊಟಕ್ಕೆ ಬರಲಿಲ್ಲ. ಪಕ್ಕದ ಚಹಾದಂಗಡಿಯವನು, ಸಾಬರವನು, ಹಬ್ಬದ ದಿನವೂ ಅಂಗಡಿ ತೆರೆದಿದ್ದ. ಅವನೇ ಎಲ್ಲಿಂದಲೋ ಮ್ಯಾನೇಜರನ ಮನೆ ಪತ್ತೆಹಚ್ಚಿ ಕೊಟ್ಟ. ಮ್ಯಾನೇಜರು ಊರಿಗೆ ಹೋಗಿದ್ದ.

ಸೋಮವಾರ ಪೆಟ್ಟಿಗೆ ಕೈಗೆ ಬಂತು. ಆಸ್ಪತ್ರೆಯಲ್ಲಿ ನರ್ಸು ಅದನ್ನು ಬಿಚ್ಚಿದಾಗ ಐಸಿನ ಚೀಲಗಳು ಬೆಚ್ಚಗಿನ ನೀರಾಗಿದ್ದವು. ಡಾಕ್ಟರು ಬಾಟಲಿ ಹಿಡಿದು ನೋಡಿ, ಇದು ಹಾಳಾಗಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ, ತಾವು ಹಾಕುವುದಿಲ್ಲ ಎಂದು ಕೆಳಗಿಟ್ಟರು. ಹೈದರಾಬಾದಿನವರು ಫೋನಿನಲ್ಲಿ, ಅದಿನ್ನು ಬೇಡ, ಮತ್ತೊಂದನ್ನು ತರಿಸುವಷ್ಟರಲ್ಲಿ ಕೊಡುವ ಕಾಲವೇ ಮುಗಿದಿರುತ್ತದೆ, ಮಾತ್ರೆ ಶುರು ಮಾಡಿ ಎಂದರು. ಊರಿನ ಡಾಕ್ಟರು ಮಾತ್ರೆ ಬರೆದರು. ಡ್ರಿಪ್ಪಿನ ಮಾತನ್ನು ಮತ್ತೆ ಎತ್ತಿದೆ. ಮತ್ತೆ ಅದೇ ಉತ್ತರ ಬಂತು.

ನಾನು ಕಮಲಾಪುರಕ್ಕೆ ಹೋಗಿ ತಂಗಿಯ ಜೊತೆ ಉಳಿದೆ. ಬೇರೆ ಏನು ಮಾಡುವುದು ತಿಳಿಯಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವಳ ಬೆನ್ನು, ತೋಳು, ಹಣೆ ನೋಡುವುದು. ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಬಾಜೂ ಮನೆಯ ಮಗು ಗುಣವಾಗಿ ಓಣಿಯಲ್ಲಿ ಆಡುತ್ತಿತ್ತು. ನಮ್ಮ ಕಿಟಕಿಯ ಹತ್ತಿರ ಬಂದು "ಆಂಟೀ" ಎಂದು ಕೂಗಿದರೆ ನಾನು ಕಿಟಕಿ ಹಾಕಿಬಿಡುತ್ತಿದ್ದೆ. ತಂಗಿಗೆ ಅದು ಸೇರಲಿಲ್ಲ.

"ಕೂಸಿನ ಮ್ಯಾಲೇನು ಸಿಟ್ಟಕ್ಕಾ?"

"ಮತ್ತ ಯಾರ ಮ್ಯಾಲ ಮಾಡ್ಲಿ?" ಎಂದೆ. ಅವಳು ಎದ್ದು ಹೋಗಿ ಕಿಟಕಿ ತೆರೆದಳು.

ಒಂದು ಮಧ್ಯಾಹ್ನ ಅವಳು ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಅಡುಗೆ ಮನೆಯಲ್ಲಿದ್ದೆ. ಬಾಚಣಿಗೆ ನಿಂತದ್ದು ನನಗೆ ಹೇಗೋ ಗೊತ್ತಾಯಿತು. ಹೊರಗೆ ಬಂದು ನೋಡಿದರೆ ಕತ್ತಿನ ಹಿಂದೆ ಬೆರಳಿಟ್ಟುಕೊಂಡು ಕೂತಿದ್ದಳು.

"ಅಕ್ಕಾ," ಎಂದಳು, "ಬಂದಾಳ."

ಆ ಗುಳ್ಳೆ ಎದ್ದ ಕೂಡಲೇ ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಅಡ್ಮಿಷನ್ನಿಗೆ ಯಾರೂ ತಕರಾರು ಮಾಡಲಿಲ್ಲ, ವಿಮಾದವರು ಒಪ್ಪಿದರು, ಬೇರೆ ಕೋಣೆ ಸಿಕ್ಕಿತು. ಮೈತುಂಬ ಗುಳ್ಳೆ ಹರಡಿ, ಮೂರನೆಯ ದಿನ ಉಸಿರು ಕಟ್ಟತೊಡಗಿತು. ಪುಪ್ಪುಸಕ್ಕೂ ಇಳಿದಿದೆ ಎಂದು ಐಸಿಯುಗೆ ಹಾಕಿದರು. ಅಲ್ಲಿ ಅವಳ ತಲೆಯ ಮೇಲಿನ ಕಂಬಕ್ಕೆ ಒಂದು ಬಾಟಲಿ ತೂಗುಬಿಟ್ಟಿದ್ದರು. ನರ್ಸಿಗೆ ಇದೇನು ಎಂದು ಕೇಳಿದೆ. ಇಮ್ಯುನೋಗ್ಲೋಬುಲಿನ್ ಎಂದಳು. ಕೊಡುವುದಿಲ್ಲ ಎಂದಿದ್ದ ಅದೇ ಬಾಟಲಿ. ಈಗ ಅವಳು ಅದಕ್ಕೆ ಯೋಗ್ಯಳಾಗಿದ್ದಳು. ಡಾಕ್ಟರು ರೌಂಡಿಗೆ ಬಂದಾಗ ನನ್ನ ಮುಖ ನೋಡಿ ಕಣ್ಣು ತಪ್ಪಿಸಿದರೆಂದು ಬರೆಯಲು ಮನಸ್ಸಾಗುತ್ತದೆ. ಅವರು ಹಾಗೇನೂ ಮಾಡಲಿಲ್ಲ. "ಟೈಮಿಗೆ ಕರ್ಕೊಂಡು ಬಂದ್ರಿ, ಛಲೋ ಆತು" ಎಂದರು.

ಬಾಜೂ ಮನೆಯವರು ಆಸ್ಪತ್ರೆಗೆ ಬಂದರು. ಅವರ ಕೈಯಲ್ಲಿ ಮೊಸರನ್ನದ ಡಬ್ಬಿ, ಬೇವಿನ ಸೊಪ್ಪು. ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಅತ್ತರು. "ಆಕಿಗೆ ಇಷ್ಟು ತ್ರಾಸ ಆಗ್ತದಂತ ಗೊತ್ತಿರಲಿಲ್ಲವ್ವಾ ನನಗ. ಗೊತ್ತಿದ್ರ ಕರೀತಿದ್ನೇನು?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಸೂಜಿ ಗೀಜಿ ಅಂತ ಓಡಾಡಿದ್ರಲ್ಲ, ತಾಯಿಗೆ ಸಿಟ್ಟು ಬಂದದ" ಎಂದೂ ಹೇಳಿದರು. ಎರಡೂ ಮಾತನ್ನು ಅವರು ಮನಸ್ಸಿನಿಂದಲೇ ಹೇಳಿದ್ದು. ನಾನು ಡಬ್ಬಿ ತೆಗೆದುಕೊಂಡೆ.

ತಂಗಿ ಸಾಯಲಿಲ್ಲ. ಆದರೆ ಸಿಡುಬಿನೊಡನೆ ಅವಳ ಮೈ ಕಾದಾಡಲಿ ಎಂದು ಕಸಿಯ ಮಾತ್ರೆಗಳನ್ನು ನಿಲ್ಲಿಸಬೇಕಾಯಿತು. ಹೈದರಾಬಾದಿನವರೂ ಅದನ್ನೇ ಹೇಳಿದರು, ಬೇರೆ ದಾರಿ ಇರಲಿಲ್ಲ. ಮೈಗೆ ಶಕ್ತಿ ಮರಳಿತು. ಮರಳಿದ್ದೇ ಅದು ಸಿಡುಬನ್ನೂ ಹೊಡೆಯಿತು, ನನ್ನ ಕಿಡ್ನಿಯನ್ನೂ ಹೊಡೆಯಿತು. ವಾರ್ಡಿಗೆ ಬಂದ ಮೇಲೆ, ರಕ್ತದ ರಿಪೋರ್ಟು ಬರುವ ಮೊದಲೇ, ಅವಳಿಗೆ ತಿಳಿದಿತ್ತು. ನಾನು ಅವಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದೆ.

"ನಿಂದು ಸುಮ್ಮನಾಗ್ಯಾದ ಅಕ್ಕಾ," ಎಂದಳು. ಏನೋ ತಪ್ಪು ಮಾಡಿದವಳ ಹಾಗೆ ನನ್ನ ಕೈ ಹಿಡಿದುಕೊಂಡಳು. ನನ್ನ ಜೀವನದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದು ಇನ್ನೊಂದಿಲ್ಲ. ಕ್ಷಮೆ ಕೇಳುವ ಮುಖ ಅವಳದಾಗಿತ್ತು. ಎರಡು ಆಸ್ಪತ್ರೆಯ ಡಾಕ್ಟರರ ಮುಖದಲ್ಲಿ, ವಿಮಾದವನ ಮುಖದಲ್ಲಿ, ಶೆಟರು ಇಳಿಸಿ ಹಬ್ಬಕ್ಕೆ ಹೋದವನ ಮುಖದಲ್ಲಿ ನಾನು ಅದನ್ನು ಕಂಡಿರಲಿಲ್ಲ.

ಈಗ ಮತ್ತೆ ಡಯಾಲಿಸಿಸ್. ಅದೇ ಆಸ್ಪತ್ರೆ, ಏಕೆಂದರೆ ಬೇರೆ ಕಡೆ ಮಷೀನು ಖಾಲಿ ಇಲ್ಲ. ಅವಳ ಗಂಡ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಕೆಲಸಕ್ಕೆ ಹಿಂದಿರುಗುತ್ತಾನೆ, ಅಲ್ಲಿಂದ ನಾನು ಆಟೋದಲ್ಲಿ ಕರೆದೊಯ್ಯುತ್ತೇನೆ. ಮತ್ತೊಂದು ಕಸಿಯ ಮಾತು ಬರುತ್ತದೆ. ಕೊಡಲು ನನ್ನ ಬಳಿ ಇನ್ನೊಂದಿಲ್ಲ.

ಹೋದ ಮಳೆಗಾಲದಲ್ಲಿ ಅವಳ ಪಕ್ಕದ ಮಷೀನಿಗೆ ಹೊಸದಾಗಿ ಒಬ್ಬಳು ಬಂದಳು. ಡಿಗ್ರಿ ಓದುವ ಹುಡುಗಿ. ಅವಳ ಅಮ್ಮೀ ಕಿಡ್ನಿ ಕೊಡುತ್ತಾರಂತೆ, ಹೈದರಾಬಾದಿನಲ್ಲಿ ದಿನ ಗೊತ್ತುಮಾಡುತ್ತಿದ್ದಾರೆ. ಆ ತಾಯಿ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನು ಕೇಳಿದರು, ಕೊಟ್ಟರೆ ಬಹಳ ನೋವಾಗುತ್ತದೆಯೇ ಎಂದು. ನಾನು ಅದಕ್ಕೆ ಉತ್ತರ ಕೊಡುವ ಮೊದಲು ಹುಡುಗಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತೇ ಎಂದು ವಿಚಾರಿಸಿದೆ. ನೆನಪಿಲ್ಲ ಎಂದರು. ಲಸಿಕೆಯ ಬಗ್ಗೆ ಯಾರಾದರೂ ಹೇಳಿದರೇ ಎಂದೆ.

"ಇಲ್ರೀ. ಯಾರೂ ಹೇಳಿಲ್ಲ."

ಅವರನ್ನು ಕರೆದುಕೊಂಡು ಡಾಕ್ಟರ ಕೋಣೆಗೆ ನಡೆದೆ. ಸರತಿಯಲ್ಲಿ ನಿಲ್ಲಲಿಲ್ಲ. ಡಾಕ್ಟರಿಗೆ ನನ್ನ ಗುರುತು ಇದ್ದೇ ಇತ್ತು. ಈ ಹುಡುಗಿಗೆ ಕಸಿಯಾಗುವ ಮೊದಲು ಯಾವ ಯಾವ ಲಸಿಕೆ ಬೇಕೋ ಈಗಲೇ ಬರೆದು ಕೊಡಿ ಎಂದೆ.

"ಅದನ್ನ ಹೈದರಾಬಾದಿನವರು…"

"ಅವರು ನೀವಂತಾರ. ನೀವು ಅವರಂತೀರಿ. ನಾ ಇಲ್ಲೇ ಕೂಡ್ತೀನ್ರಿ, ನೀವು ಬರೀರಿ."

ಅವರು ಕೋಣೆಯಲ್ಲಿದ್ದ ಇತರ ರೋಗಿಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮೊದಲು ರಕ್ತ ಪರೀಕ್ಷೆ, ಅದರಲ್ಲಿ ನಿರೋಧಕ ಶಕ್ತಿ ಇಲ್ಲವೆಂದು ಬಂದರೆ ಲಸಿಕೆ, ಆಮೇಲೆ ತಿಂಗಳ ಮೇಲೆ ಕಸಿ ಎಂದು ಬರೆದರು. ಬರೆಯಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲ್ಲವೂ ಅವರಿಗೆ ಗೊತ್ತೇ ಇತ್ತು.

ಪರೀಕ್ಷೆಯಲ್ಲಿ ಶಕ್ತಿ ಇಲ್ಲವೆಂದೇ ಬಂತು. ಸೇಡಂ ರಸ್ತೆಯ ಅಂಗಡಿಯಲ್ಲಿ ಕೇಳಿದ ಕೂಡಲೇ ಲಸಿಕೆ ಸಿಕ್ಕಿತು. ಹುಡುಗಿಯ ತೋಳಿಗೆ ಹಾಕಿದರು. ತಾಯಿ ನನ್ನ ಎರಡೂ ಕೈ ಹಿಡಿದು ಏನೇನೋ ದುವಾ ಹೇಳಿದರು. ನನಗೆ ಸಂತೋಷವಾಯಿತು ಎಂದು ಇಲ್ಲಿ ಬರೆಯಬೇಕು. ಆಗಲಿಲ್ಲ. ಆ ಹುಡುಗಿ ಚೆನ್ನಾಗಿರಲಿ ಎಂದು ಬಯಸಿದೆ, ಅಷ್ಟೇ. ಅವಳ ತೋಳಿನ ಮೇಲೆ ಅಂಟಿಸಿದ್ದ ಹತ್ತಿಯನ್ನು ನೋಡುತ್ತ ನನ್ನೊಳಗೆ ಎದ್ದದ್ದು ಹೊಟ್ಟೆಕಿಚ್ಚು.

ಒಳಗೆ ಬಂದಾಗ ತಂಗಿ ಎಚ್ಚರವಾಗಿದ್ದಳು. "ಹಾಕಿದ್ರೇನು?" ಎಂದು ಕೇಳಿದಳು. ಹಾಕಿದರು ಎಂದೆ. "ಛಲೋ ಆತು" ಎಂದು ಕಣ್ಣು ಮುಚ್ಚಿದಳು. ಮಷೀನು ನಿಂತ ಮೇಲೆ ಎದ್ದು ಕೂತು ಕಾಲಿನಿಂದ ಚಪ್ಪಲಿ ಹುಡುಕುತ್ತ, ನನ್ನ ಮುಖ ನೋಡದೆ ಹೇಳಿದಳು:

"ನಮಗ ಯಾರೂ ಹೇಳ್ಲಿಲ್ಲ ನೋಡು."

ಅವಳ ಬಾಯಿಂದ ದೂರು ಬಂದದ್ದು ಅದೊಂದೇ ಸಲ. ನಾನು ಬಗ್ಗಿ ಮಂಚದ ಕೆಳಗಿದ್ದ ಚಪ್ಪಲಿಯನ್ನು ಅವಳ ಕಾಲಿನ ಹತ್ತಿರ ಸರಿಸಿದೆ.